ಗುರುವಾರದ ಠಸ್ಸೆ

ಜಡ್ಜಿನ ಮುಂದೆ ನಾನು ಹೇಳಿದ್ದು ಸುಳ್ಳು. ನನಗೆ ಮರೆತಿರಲಿಲ್ಲ. ಕೈ ನೋವಿರಲಿಲ್ಲ. ಶಾಯಿ ಹೆಪ್ಪುಗಟ್ಟಿರಲಿಲ್ಲ. ಆ ಮಂಗಳವಾರ ಮೂವತ್ತೊಂದು ಓಟಿನ ಲಕೋಟೆಗಳು ನನ್ನ ಮೇಜಿನ ಮೇಲಿದ್ದವು. ಠಸ್ಸೆ ನನ್ನ ಕೈಯಲ್ಲಿತ್ತು. ನಾನು ಬೇಕಂತಲೇ ಹೊಡೆಯಲಿಲ್ಲ.

ಇದನ್ನು ಬರೆಯಲು ನನಗೆ ಯಾರೂ ಹೇಳಿಲ್ಲ. ಕೇಳಬೇಕಾದವರು ಕೇಳಿ ಮುಗಿಸಿ, ಫೈಲು ಕಟ್ಟಿಟ್ಟು ಊಟಕ್ಕೆ ಹೋಗಿದ್ದಾರೆ.

ನನ್ನ ಹೆಸರು ಅಗ್ರಫೀನಾ ಎವಾನ್. ಊರವರಿಗೆ ಫೀನಾ. ನುನಾಪಿಕ್ ಅನ್ನುವ ಈ ಊರಿನ ಪೋಸ್ಟ್ ಆಫೀಸು ಅಂದರೆ ನಾನೇ. ಠಸ್ಸೆ ಹೊಡೆಯುವವಳೂ ನಾನೇ, ಮೂಟೆ ಹೊರುವವಳೂ ನಾನೇ, ಕಸ ಗುಡಿಸುವವಳೂ ನಾನೇ. ನೂರ ಹತ್ತು ಜನ ಇದ್ದೇವೆ. ಊರ ಮುಂದಿನ ನದಿ ಬೇರಿಂಗ್ ಸಮುದ್ರಕ್ಕೆ ಹೋಗುತ್ತದೆ. ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಯಾಕೆಂದರೆ ರಸ್ತೆಯೇ ಇಲ್ಲ. ಹಾಲಿನ ಪುಡಿ, ಮಕ್ಕಳ ಔಷಧ, ಹಿಮದ ಮೇಲೆ ಓಡಿಸುವ ಸ್ನೋ ಮಷೀನಿನ ಬೆಲ್ಟು, ಕೋರ್ಟಿನ ನೋಟೀಸು, ಎಲ್ಲ ಆಕಾಶದಿಂದಲೇ ಇಳಿಯಬೇಕು. ವಿಮಾನದ ಸದ್ದು ಕೇಳಿದ ತಕ್ಷಣ ಸ್ನೋ ಮಷೀನಿಗೆ ಜಾರುಬಂಡಿ ಕಟ್ಟಿಕೊಂಡು ಹೊರಡುತ್ತೇನೆ. ಪೈಲಟ್ ಎಂಜಿನ್ ಆರಿಸುವುದಿಲ್ಲ. ಬಾಗಿಲು ತೆಗೆದು ಮೂಟೆ ಎಸೆಯುತ್ತಾನೆ. ಹಿಮದ ಮೇಲೆ ಅವನ್ನು ಎಳೆದು, ಬೆನ್ನು ಕೊಟ್ಟು, ಬಂಡಿಗೆ ಹಾಕುತ್ತೇನೆ. ನನಗೆ ಐವತ್ತಾರು ವರ್ಷ. ಎಡ ಭುಜ ಕೆಟ್ಟು ಏಳು ವರ್ಷವಾಯಿತು. ರಜೆ ಕೇಳಿದರೆ ದೊಡ್ಡ ಕಚೇರಿಯವರು, "ಬದಲಿಗೆ ಯಾರನ್ನಾದ್ರೂ ನೀವೇ ಹುಡುಕಿ" ಅನ್ನುತ್ತಾರೆ. ಹುಡುಕಿದರೆ ಸಿಗುವುದಿಲ್ಲ. ಈ ಕೆಲಸ ಮಾಡುವಷ್ಟು ಹುಚ್ಚಿ ಊರಲ್ಲಿ ಇನ್ನೊಬ್ಬಳಿಲ್ಲ.

ಪೋಸ್ಟ್ ಆಫೀಸು ಒಂದು ಪ್ಲೈವುಡ್ ಮನೆಯ ಅರ್ಧ. ಇನ್ನರ್ಧದಲ್ಲಿ ನಸ್ತಾಸಿಯಾ ಅತ್ತೆ ಇದ್ದಳು. ನನ್ನ ಅಪ್ಪನ ಅಕ್ಕ. ಎಂಬತ್ತೆಂಟು ವರ್ಷ. ನಡುವಿನ ಗೋಡೆ ಎಷ್ಟು ತೆಳು ಅಂದರೆ, ಅವಳು ಟೀ ಕಾಯಿಸಿ ಎರಡು ಸಲ ಕೆಮ್ಮುತ್ತಿದ್ದಳು, ನಾನು ಕೌಂಟರಿನ ಕಿಟಕಿ ಮುಚ್ಚಿ ಆಚೆ ಟೀಗೆ ಹೋಗುತ್ತಿದ್ದೆ. "ನೀನು ಠಸ್ಸೆ ಹೊಡೆದ್ರೆ ನನ್ನ ಲೋಟ ಕುಣಿಯುತ್ತೆ ಕಣೇ" ಅಂತ ಬೈಯುತ್ತಿದ್ದಳು. ನನ್ನ ಗಂಡ ನದಿಗೆ ಹೋದವನು ಬಾರದೆ ಹನ್ನೊಂದು ವರ್ಷ. ಮಗಳು ದೂರದ ಪಟ್ಟಣದಲ್ಲಿ. ದಿನಾ ನನ್ನನ್ನು ಬೈಯುವ ಬಾಯಿ ಅಂತ ಇದ್ದದ್ದು ಅದೊಂದೇ.

ಇಲ್ಲ, ಇನ್ನೊಂದಿತ್ತು. ಅತ್ತೆಯ ಮಗಳು ಲುಕೇರಿಯಾ. ನಮ್ಮಲ್ಲಿ ಸೋದರತ್ತೆ ಮಕ್ಕಳು ಒಬ್ಬರನ್ನೊಬ್ಬರು ಗೋಳು ಹೊಯ್ದುಕೊಳ್ಳಲೇಬೇಕು. ಅದು ಹಕ್ಕು. ಬೇರೆಯವರು ಹೇಳಲಾಗದ್ದನ್ನು ಅವರೇ ಹೇಳಬೇಕು, ನಾವು ನಕ್ಕು ನುಂಗಬೇಕು. ಲುಕೇರಿಯಾ ಊರಿನ ಆ ತುದಿಯಿಂದ ಬಂದು ಕಿಟಕಿಗೆ ಮೊಣಕೈ ಊರಿ, "ಏನೇ, ಸರ್ಕಾರದ ಸೊಸೆ, ನನ್ನ ಕಾಗದ ಓದಿ ಮುಗಿಸಿದ್ಯಾ? ಇನ್ನಾದ್ರೂ ಕೊಡು" ಅನ್ನುತ್ತಿದ್ದಳು. ಐವತ್ತು ವರ್ಷದಿಂದ ಅವಳು ನನ್ನನ್ನು ಒಂದು ದಿನವೂ ನೆಟ್ಟಗೆ ಮಾತಾಡಿಸಿರಲಿಲ್ಲ.

ಮೊದಲು ಓಟು ಹಾಕಲು ಶಾಲೆಯ ಹಾಲ್ ಇತ್ತು. ಪೆಟ್ಟಿಗೆ ಇತ್ತು. ಓಟಿನ ದಿನ ಅಂದರೆ ಊಟದ ದಿನ. ಒಣ ಮೀನು, ಸೀಲ್ ಎಣ್ಣೆ, ಕೊಬ್ಬಿನಲ್ಲಿ ಕಲಸಿದ ಕಾಡುಹಣ್ಣು. ಅತ್ತೆ ಹೂವಿನ ಹೊಸ ಅಂಗಿ ಹಾಕಿಕೊಂಡು ಬರುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ನಾನು ಪಕ್ಕದಲ್ಲಿ ಕೂತು ನಮ್ಮ ಯೂಪಿಕ್ ಮಾತಿನಲ್ಲಿ ಓದಿ ಹೇಳುತ್ತಿದ್ದೆ. ಹೋದ ವರ್ಷ ಚುನಾವಣಾ ಕಚೇರಿಯಿಂದ ಕಾಗದ ಬಂತು. ನಿಮ್ಮ ಊರಿನಲ್ಲಿ ತರಬೇತಿ ಪಡೆದ ಸಿಬ್ಬಂದಿ ಸಿಗುತ್ತಿಲ್ಲ, ಇನ್ನು ಮೇಲೆ ಅಂಚೆಯ ಮೂಲಕ ಮತ ಹಾಕಿ, ಲಕೋಟೆಯ ಮೇಲೆ ಓಟಿನ ದಿನ ದಾಟದ ಅಂಚೆ ತಾರೀಕು ಇರಬೇಕು. ಇಪ್ಪತ್ತು ವರ್ಷದಿಂದ ಆ ಪೆಟ್ಟಿಗೆ ಕಾದ ಆರು ಹೆಂಗಸರು ಇಲ್ಲೇ ಬದುಕಿದ್ದೆವು. ಯಾರೂ ನಮ್ಮನ್ನು ಕೇಳಲಿಲ್ಲ.

ಈ ಸಲದ ಓಟು ಮೀನಿನ ಓಟು. ಸಮುದ್ರದಲ್ಲಿ ದೊಡ್ಡ ಹಡಗುಗಳು ಬೇರೆ ಮೀನು ಹಿಡಿಯುವಾಗ ನಮ್ಮ ನದಿಯ ಸಾಲ್ಮನ್ ಮೀನೂ ಬಲೆಗೆ ಬೀಳುತ್ತದೆ. ಸತ್ತದ್ದನ್ನು ಅವರು ವಾಪಸು ನೀರಿಗೆ ಎಸೆಯುತ್ತಾರೆ. ನದಿಗೆ ಮೀನು ಬರುವುದಿಲ್ಲ. ಆಗ ಸರ್ಕಾರ ಹಡಗಿಗೆ ಏನೂ ಹೇಳುವುದಿಲ್ಲ, ನಮಗೆ ಹೇಳುತ್ತದೆ: ಬಲೆ ಹಾಕಬೇಡಿ. ನಾಲ್ಕು ಬೇಸಿಗೆಯಿಂದ ಮೀನು ಒಣಗಿಸುವ ನಮ್ಮ ಕಂಬಗಳು ಖಾಲಿ ನಿಂತಿವೆ. ಅಂಗಡಿಯ ಡಬ್ಬಿ ಮಾಂಸ ತಿಂದು ಮುದುಕರ ಹೊಟ್ಟೆ ಕೆಡುತ್ತಿದೆ. ಈ ಸಲ ಶಾಸನಸಭೆಗೆ ನಿಂತ ಇಬ್ಬರಲ್ಲಿ ಒಬ್ಬಳು ನದಿಯ ಕೆಳಗಿನ ಊರಿನವಳು. ಹಡಗುಗಳಿಗೆ ಮಿತಿ ಹಾಕಿಸುತ್ತೇನೆ ಅಂದಳು. ಇನ್ನೊಬ್ಬ ಹಡಗಿನವರ ಮನುಷ್ಯ. ನಮ್ಮ ಊರು ಯಾರಿಗೆ ಹಾಕಿತು ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಓಟಿನ ಕಾಗದಗಳೇ ತಡವಾಗಿ ಬಂದವು. ಒಂದು ವಾರ ಮಂಜು. ಶನಿವಾರ ವಿಮಾನ ಇಳಿಯಿತು, ಮಂಗಳವಾರ ಓಟು. ಸೋಮವಾರ ಬೆಳಿಗ್ಗೆ ನಾನು ಹಂಚಿದೆ. ಅವತ್ತು ಮಧ್ಯಾಹ್ನ ಅತ್ತೆಯ ಹಾಸಿಗೆ ಪಕ್ಕ ಕೂತು ಓದಿ ಹೇಳಿದೆ. ಅವಳಿಗೆ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಹಡಗಿನೋನು ಯಾವುದು?"

"ಮೇಲಿನದು."

"ಅವನ ಮೇಲೆ ಗೀಟು ಹಾಕಿ ಹೊಡೆದಾಕಲಾ?"

"ಹಾಗೆ ಮಾಡಿದ್ರೆ ಕಾಗದ ಕೆಡುತ್ತೆ ಅತ್ತೆ. ಕೆಳಗಿನದಕ್ಕೆ ಗುರುತು ಹಾಕು ಸಾಕು."

ಹಾಕಿದಳು. ಸಹಿಯ ಜಾಗದಲ್ಲಿ ಅಡ್ಡಗೆರೆ ಎರಡು ಎಳೆದಳು. ನಾನೂ ಲುಕೇರಿಯಾನೂ ಸಾಕ್ಷಿ ಹಾಕಿದೆವು. ಅಷ್ಟಕ್ಕೇ ಅವಳಿಗೆ ಬೆವರು ಬಂದಿತ್ತು. ನಾಳೆ ಎಲ್ಲರದರ ಜೊತೆ ಠಸ್ಸೆ ಹೊಡೆದರಾಯಿತು ಅಂತ ಲಕೋಟೆಯನ್ನು ನನ್ನ ಮೇಜಿನಲ್ಲಿಟ್ಟೆ.

ಮಂಗಳವಾರ ಬೆಳಗಾದಾಗ ಗೋಡೆಯಾಚೆ ಕೆಮ್ಮು ಕೇಳಲಿಲ್ಲ. ಹೋಗಿ ನೋಡಿದೆ. ಕಾಲು ತಣ್ಣಗಾಗಿತ್ತು.

ನಮ್ಮಲ್ಲಿ ಒಬ್ಬರು ಸತ್ತರೆ ಮಣ್ಣಾಗುವವರೆಗೆ ಹೆಂಗಸರು ಸೂಜಿ ಹಿಡಿಯುವುದಿಲ್ಲ. ಕತ್ತಿ ಮುಟ್ಟುವುದಿಲ್ಲ. ಕೊಡಲಿ ಎತ್ತುವುದಿಲ್ಲ. ಏನನ್ನೂ ಬಡಿಯುವುದಿಲ್ಲ, ಕುಟ್ಟುವುದಿಲ್ಲ. ಸತ್ತವರು ತಕ್ಷಣ ಹೋಗುವುದಿಲ್ಲ, ಹತ್ತಿರದಲ್ಲೇ ಇರುತ್ತಾರೆ, ಚೂಪಾದದ್ದು ಅವರಿಗೆ ತಾಗುತ್ತದೆ, ಸದ್ದಿಗೆ ಬೆಚ್ಚುತ್ತಾರೆ. ಹಾಗಂತ ನನ್ನ ಅಜ್ಜಿ ಹೇಳಿದ್ದಳು. ಎಲ್ಲರೂ ಈಗ ಪಾಲಿಸುವುದಿಲ್ಲ. ಅತ್ತೆ ಪಾಲಿಸುತ್ತಿದ್ದಳು. ನನ್ನ ಗಂಡನಿಗೆ ಮಣ್ಣು ಕೊಡಲು ದೇಹವೇ ಸಿಗಲಿಲ್ಲವಲ್ಲ, ಆಗ ಅವಳು ಐದು ದಿನ ನನ್ನ ಜೊತೆ ಕೈಕಟ್ಟಿ ಕೂತಿದ್ದಳು. ಬ್ರೆಡ್ಡನ್ನೂ ಕೊಯ್ಯದೆ ಹರಿದು ತಿನ್ನಿಸಿದ್ದಳು. ಗಂಡಸರು ಶವಪೆಟ್ಟಿಗೆಯನ್ನು ಊರಾಚೆಯ ಶೆಡ್ಡಿನಲ್ಲಿ ಮಾಡುತ್ತಾರೆ. ಅದಕ್ಕೂ ಮೊಳೆ ಹೊಡೆಯುವುದಿಲ್ಲ, ಸ್ಕ್ರೂ ತಿರುಗಿಸುತ್ತಾರೆ.

ನಾನು ಪೋಸ್ಟ್ ಆಫೀಸು ತೆರೆದೆ. ಓಟಿನ ದಿನ, ತೆರೆಯಲೇಬೇಕಿತ್ತು. ಜನ ಒಬ್ಬೊಬ್ಬರೇ ಬಂದು, ಸದ್ದು ಮಾಡದೆ ಲಕೋಟೆ ಇಟ್ಟು, ಆಚೆ ಅತ್ತೆಯನ್ನು ನೋಡಲು ಹೋದರು. ಎರಡು ಗಂಟೆಗೆ ಎಣಿಸಿದೆ. ಅತ್ತೆಯದು ಸೇರಿ, ನನ್ನದು ಸೇರಿ, ಮೂವತ್ತೊಂದು.

ನನ್ನ ಠಸ್ಸೆ ಕಬ್ಬಿಣದ್ದು. ಚಳಿಗೆ ಶಾಯಿ ಮೆಲ್ಲಗೆ ಒತ್ತಿದರೆ ಹತ್ತುವುದಿಲ್ಲ. ತೋಳೆತ್ತಿ ಹೊಡೆಯಬೇಕು. ಹೊಡೆದರೆ ಮೇಜು ಅದುರುತ್ತದೆ, ಮೇಜು ತಾಗಿದ ಗೋಡೆ ಅದುರುತ್ತದೆ. ಆ ಗೋಡೆಗೆ ತಲೆ ಮಾಡಿ ಅತ್ತೆಯನ್ನು ಮಲಗಿಸಿದ್ದರು. ಮೂವತ್ತೊಂದು ಪೆಟ್ಟು.

ನಾನು ಠಸ್ಸೆಯನ್ನು ಕೆಳಗಿಟ್ಟೆ. ಪೆನ್ನು ತೆಗೆದುಕೊಂಡೆ. ಅದರ ಮೊನೆಗೂ ಒಂದು ಗಳಿಗೆ ಹಿಂಜರಿದೆ. ಸದ್ದಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡು ಪ್ರತಿ ಲಕೋಟೆಯ ಮೂಲೆಯಲ್ಲಿ ಬರೆದೆ: ಮಂಗಳವಾರ ಬಂದಿದೆ. ತಾರೀಕು. ಸಹಿ.

ಅವತ್ತು ವಿಮಾನ ಬರಲಿಲ್ಲ. ಮತ್ತೆ ಮಂಜು. ಬುಧವಾರ ಬರಲಿಲ್ಲ. ಗಂಡಸರು ಎರಡು ದಿನ ಹೆಪ್ಪುಗಟ್ಟಿದ ನೆಲ ಅಗೆದರು, ಗುರುವಾರ ಮಧ್ಯಾಹ್ನ ಅತ್ತೆಯನ್ನು ಮಣ್ಣು ಮಾಡಿದೆವು. ಅಲ್ಲಿಂದ ನೇರ ಬಂದು ಠಸ್ಸೆ ಹೊಡೆಯಲು ಕೂತೆ. ಅತ್ತೆಯ ಮಗ ಝಕಾರ್, ಊರ ಮಂಡಳಿಯ ಮುಖ್ಯಸ್ಥ, ಗುದ್ದಲಿ ಹಿಡಿದ ಕೈ ಇನ್ನೂ ತೊಳೆದಿರಲಿಲ್ಲ, ಬಾಗಿಲಲ್ಲಿ ನಿಂತು ನೋಡಿದ.

"ಫೀನಾ, ಆ ತಾರೀಕಿನ ಗಾಲಿ ಎರಡು ಹಲ್ಲು ಹಿಂದಕ್ಕೆ ತಿರುಗಿಸು."

"ಯಾಕೆ?"

"ಮಂಗಳವಾರ ಅಂತ ಬೀಳಲಿ. ಯಾರಪ್ಪನ ಗಂಟು ಹೋಗುತ್ತೆ?"

"ಇವತ್ತು ಗುರುವಾರ."

"ಅದು ನನಗೂ ಗೊತ್ತು."

"ಪೆನ್ನಲ್ಲಿ ಮಂಗಳವಾರ ಅಂತ ಬರೆದಿದ್ದೀನಿ. ಸಹಿ ಇದೆ. ಅದು ಸಾಕು."

ಸಾಕಾಗುತ್ತದೆ ಅಂತ ನಾನು ನಿಜವಾಗಿ ನಂಬಿದ್ದೆ. ನಮ್ಮಲ್ಲಿ ಒಬ್ಬರು ಕೈಯಾರೆ ಬರೆದು ಹೆಸರು ಹಾಕಿದರೆ ಅದೇ ಮಾತು. ಯಂತ್ರ ಹೇಳಿದ್ದು ನಿಜ, ಮನುಷ್ಯರು ಬರೆದದ್ದು ಸುಳ್ಳು ಅನ್ನುವ ಬುದ್ಧಿ ನನಗೆ ಹೊಳೆಯಲಿಲ್ಲ.

ಶುಕ್ರವಾರ ವಿಮಾನ ಬಂತು. ಮೂಟೆ ಹತ್ತಿಸಿದೆ. ಇದನ್ನು ಗಮನಿಸಿ. ನಾನು ಮಂಗಳವಾರವೇ ಠಸ್ಸೆ ಹೊಡೆದಿದ್ದರೂ ಆ ಲಕೋಟೆಗಳು ಇದೇ ಶುಕ್ರವಾರ, ಇದೇ ವಿಮಾನದಲ್ಲಿ ಹೋಗುತ್ತಿದ್ದವು. ಒಂದು ಗಂಟೆಯೂ ತಡವಾಗಲಿಲ್ಲ. ಕಾನೂನು ಕೊಟ್ಟ ಹತ್ತು ದಿನದೊಳಗೆ ಅವು ರಾಜ್ಯದ ರಾಜಧಾನಿ ಮುಟ್ಟಿದವು. ಅಲ್ಲಿ ಯಾರೋ ಠಸ್ಸೆ ನೋಡಿದರು. ಗುರುವಾರ. ಓಟಿನ ದಿನ ದಾಟಿ ಎರಡು ದಿನ. ಮೂವತ್ತೊಂದನ್ನೂ ಒಡೆಯದೆ ಪಕ್ಕಕ್ಕೆ ಹಾಕಿದರು.

ಹಡಗಿನ ಮನುಷ್ಯ ಹತ್ತೊಂಬತ್ತು ಓಟಿನಿಂದ ಮುಂದಿದ್ದ.

ಕೇಸು ಹಾಕಲು ಪಟ್ಟಣದಿಂದ ಕಾರ್ಲಾ ವಿಂಟನ್ ಅನ್ನುವ ವಕೀಲೆ ಬಂದಳು. ಕೆಟ್ಟವಳಲ್ಲ. ಊರಿಗೆಲ್ಲ ಒಂದು ಮೂಟೆ ಕಿತ್ತಳೆ ಹಣ್ಣು ತಂದಿದ್ದಳು, ಅದನ್ನೂ ನಾನೇ ಹೊತ್ತೆ. ಮಂಡಳಿಯ ಕೋಣೆಯಲ್ಲಿ ಝಕಾರ್, ಲುಕೇರಿಯಾ, ನಾನು. ನಡೆದದ್ದೆಲ್ಲ ಹೇಳಿದೆ. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿದಳು.

"ಇದನ್ನ ಕೋರ್ಟಲ್ಲಿ ಹೇಳ್ಬೇಡಿ" ಅಂದಳು.

"ಯಾವುದನ್ನ?"

"ಸಾವಿನ ವಿಷಯ. ನೀವು ಬೇಕಂತ ಹೊಡೀಲಿಲ್ಲ ಅಂದ್ರೆ, ಕಾನೂನು ಗೊತ್ತಿದ್ದೂ ಬಿಟ್ಟ ಹಾಗಾಗುತ್ತೆ. ತಪ್ಪಾಯ್ತು, ಮರೆತೆ ಅನ್ನಿ. ಸಿಬ್ಬಂದಿ ಮಾಡಿದ ತಪ್ಪಿಗೆ ಮತದಾರರನ್ನ ಶಿಕ್ಷಿಸಬಾರದು ಅಂತ ಹಳೇ ತೀರ್ಪಿದೆ. ಅದೊಂದೇ ದಾರಿ."

"ನಾನು ಮರೀಲಿಲ್ಲ."

"ಅದು ನಿಮಗೆ ಗೊತ್ತು. ನಾನೀಗ ಏನೂ ಕೇಳಿಸಿಕೊಂಡಿಲ್ಲ."

ಲುಕೇರಿಯಾ ಕಿತ್ತಳೆ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ನಾನು ನಿನಗೆ ಠಸ್ಸೆ ಹೊಡೀಬೇಡ ಅಂದಿದ್ನಾ?"

"ಇಲ್ಲ."

"ಅಮ್ಮ ಉಸಿರು ಕಟ್ಕೊಂಡು ಆ ಗುರುತು ಹಾಕಿದ್ಳು. ನೀನು ನೋಡಿದೀಯ. ಒಂದು ಮಾತು ಅನ್ನೋಕೆ ನಿನಗೇನು ಕಷ್ಟ? ಮರೆತೆ ಅನ್ನು. ನಿನ್ನ ಬಾಯಿಂದ ಮುತ್ತೇನೂ ಉದುರಲ್ಲ."

ಝಕಾರ್ ಅವಳ ಮಾತಿಗೆ ತಲೆ ಆಡಿಸಿದ.

ವಿಚಾರಣೆ ಫೋನಿನಲ್ಲಿ ನಡೆಯಿತು. ಶಾಲೆಯ ಹಾಲಿನಲ್ಲಿ, ಮೊದಲು ಓಟಿನ ಪೆಟ್ಟಿಗೆ ಇಡುತ್ತಿದ್ದ ಮೇಜಿನ ಮೇಲೆ, ಫೋನು ಇಟ್ಟು ಸದ್ದು ಜೋರು ಮಾಡಿದ್ದರು. ಊರೆಲ್ಲ ಬೆಂಚಿನ ಮೇಲೆ. ಮುಂದೆ ಲುಕೇರಿಯಾ. ನಾನು ಒಬ್ಬಳೇ ಕುರ್ಚಿಯಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಗೆ ಮುಖ ಕೊಟ್ಟು. ಬಲಗೈ ಎತ್ತಿ ಪ್ರಮಾಣ ಮಾಡಿ ಅಂದರು. ಎತ್ತಿದೆ. ಅವರಿಗೆ ಕಾಣುತ್ತಿರಲಿಲ್ಲ.

ಹಡಗಿನವನ ವಕೀಲ ನಯವಾಗಿ ಮಾತಾಡಿದ.

"ಶ್ರೀಮತಿ ಎವಾನ್, ನಿಮಗೆ ತಾರೀಕು ಓದೋಕೆ ಬರುತ್ತೆ ತಾನೆ?"

"ಬರುತ್ತೆ."

"ಮಂಗಳವಾರಕ್ಕೂ ಗುರುವಾರಕ್ಕೂ ವ್ಯತ್ಯಾಸ ಗೊತ್ತಾಗುತ್ತೆ?"

"ಗೊತ್ತಾಗುತ್ತೆ."

"ಮೂವತ್ತೊಂದು ಜನರಲ್ಲಿ ಒಬ್ಬರು ಮತದಾನದ ದಿನ ಬದುಕೇ ಇರಲಿಲ್ಲ. ಅವರ ಲಕೋಟೆ ಹೇಗೆ ಬಂತು? ಅವರೇ ನಡ್ಕೊಂಡು ಬಂದು ಕೊಟ್ರಾ?"

ಫೋನಿನ ಆ ಕಡೆ ಯಾರೋ ನಕ್ಕರು. ಸಣ್ಣ ನಗು. ಅದನ್ನು ನಮ್ಮ ಹಾಲಿನ ಗೋಡೆಗಳೆಲ್ಲ ಕೇಳಿದವು. ಲುಕೇರಿಯಾಳ ಮುಖ ಬಿಳಿಚಿತು.

"ಸೋಮವಾರ ಅವಳೇ ನನ್ನ ಕೈಗೆ ಕೊಟ್ಳು" ಅಂದೆ. "ಸೋಮವಾರ ಅವಳು ಬದುಕಿದ್ಳು."

"ಸೋಮವಾರದ್ದಕ್ಕೆ ಗುರುವಾರದ ಠಸ್ಸೆ. ಆಯ್ತು. ಇನ್ನೇನೂ ಕೇಳೋದಿಲ್ಲ."

ಆಮೇಲೆ ನಮ್ಮ ವಕೀಲೆಯ ಸರದಿ. "ಮಂಗಳವಾರ ಠಸ್ಸೆ ಬೀಳದೇ ಇದ್ದದ್ದು ನಿಮ್ಮ ತಪ್ಪು, ಮತದಾರರ ತಪ್ಪಲ್ಲ. ಹೌದಾ?"

ಬೆಂಚಿನ ಮೇಲಿದ್ದ ಎಲ್ಲರ ಕಣ್ಣೂ ನನ್ನ ಮೇಲೆ. ನಾಲ್ಕು ಬೇಸಿಗೆ ಮೀನು ಕಾಣದ ಕಣ್ಣುಗಳು. ಠಸ್ಸೆಯಿಂದ ಸುಳ್ಳು ಹೇಳಿಸದ ನಾನು ನಾಲಿಗೆಯಿಂದ ಹೇಳಿಸಿದೆ.

"ಹೌದು. ನನ್ನ ತಪ್ಪು. ಮರೆತೆ."

"ಬೇರೆ ಕಾರಣ ಏನೂ ಇರಲಿಲ್ಲ?"

"ಏನೂ ಇರಲಿಲ್ಲ."

ಏನೂ ಇರಲಿಲ್ಲ. ಗೋಡೆಯಾಚೆ ಯಾರೂ ಇರಲಿಲ್ಲ. ಐದು ದಿನ ನನ್ನ ಜೊತೆ ಕೈಕಟ್ಟಿ ಕೂತವಳು, ನನಗೆ ಬ್ರೆಡ್ಡು ಹರಿದು ತಿನ್ನಿಸಿದವಳು ಏನೂ ಅಲ್ಲ. ನನ್ನ ಮೈಯೇ ನನಗೆ ಹೇಸಿಗೆಯಾಯಿತು.

ಮೂರು ವಾರದ ಮೇಲೆ ತೀರ್ಪು ಬಂತು. ಮೂಟೆಯಿಂದ ತೆಗೆದು ಝಕಾರನ ಅಂಚೆ ಡಬ್ಬಿಗೆ ಹಾಕಿದವಳೂ ನಾನೇ. ಅವನು ಅಲ್ಲೇ ಒಡೆದು ಓದಿದ. ಸಿಬ್ಬಂದಿಯ ತಪ್ಪಿಗೆ ಮತದಾರರನ್ನು ಶಿಕ್ಷಿಸಬಾರದು ಅನ್ನುವುದು ಸರಿ. ಆದರೆ ಆ ಮಾತು ಚುನಾವಣಾ ಸಿಬ್ಬಂದಿಗೆ. ಅಂಚೆಯವಳು ಚುನಾವಣಾ ಸಿಬ್ಬಂದಿ ಅಲ್ಲ. ಹಾಗಾಗಿ ಅವಳ ಮರೆವಿನ ಫಲವನ್ನು ಮತದಾರರೇ ಉಣ್ಣಬೇಕು. ತಾರೀಕು ತಾರೀಕೇ.

ಪೆಟ್ಟಿಗೆ ಕಿತ್ತುಕೊಂಡು ಓಟಿನ ಕೆಲಸವನ್ನೆಲ್ಲ ನನ್ನ ಬೆನ್ನಿಗೆ ಹೇರುವಾಗ ನಾನು ಅವರವಳು. ಎಡವಿದಾಗ ನಾನು ಯಾರೋ.

ಊರಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬರುತ್ತಿದ್ದರು, ಕಾಗದ ತೆಗೆದುಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಹಬೆಸ್ನಾನದ ಮನೆಗೆ ನಾನು ಬಗ್ಗಿ ಒಳಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಆಮೇಲೆ ನಾನು ಎಲ್ಲರದೂ ಮುಗಿದ ಮೇಲೆ, ಹಬೆಗೆ ಕಾಯಿಸಿದ ಕಲ್ಲು ತಣ್ಣಗಾದ ಮೇಲೆ ಹೋಗಲು ಶುರು ಮಾಡಿದೆ. ಲುಕೇರಿಯಾ ಕಿಟಕಿಗೆ ಮೊಣಕೈ ಊರುವುದನ್ನು ಬಿಟ್ಟಳು. ಒಂದು ಹೆಜ್ಜೆ ದೂರ ನಿಂತು, "ನಮ್ಮದೇನಾದ್ರೂ ಬಂದಿದೆಯಾ, ನೋಡ್ತೀರಾ?" ಅಂದಳು. ನೋಡ್ತೀರಾ ಅಂದಳು, ನನಗೆ. ಯಾರೋ ಊರಿಗೆ ಬಂದ ಅಧಿಕಾರಿಗೆ ಅಂದ ಹಾಗೆ. ಅವಳು ಹೋದ ಮೇಲೆ ಕಿಟಕಿ ಹಾಕಿಕೊಂಡು ಮೂಟೆಗಳ ಮೇಲೆ ಕೂತು ಅತ್ತುಬಿಟ್ಟೆ. ಆಚೆ ಮನೆ ಖಾಲಿ. ಟೀ ಹೊತ್ತಿಗೆ ಕಿವಿ ತಾನಾಗಿ ಗೋಡೆಯ ಕಡೆ ಹೋಗುತ್ತಿತ್ತು. ಎಷ್ಟೋ ದಿನ ಕೆಲಸದ ಹೊತ್ತು ಮುಗಿದ ಮೇಲೂ ಮನೆಗೆ ಹೋಗದೆ ಅಲ್ಲೇ ಕೂತಿರುತ್ತಿದ್ದೆ. ಮನೆಯಲ್ಲೂ ಯಾರಿದ್ದಾರೆ?

ಫೆಬ್ರವರಿಯಲ್ಲಿ ವಿಂಟನ್ ಮತ್ತೆ ಬಂದಳು. ಮೇಲಿನ ಕೋರ್ಟಿಗೆ ಅಪೀಲು. ಈ ಸಲ ಮೂರು ಪುಟದ ಅಫಿಡವಿಟ್ಟು ಟೈಪು ಮಾಡಿ ತಂದಿದ್ದಳು. ಪೋಸ್ಟ್ ಆಫೀಸಿನ ಕಿಟಕಿಯ ಒಳಗೆ ಬಂದು, ನನ್ನ ಮೇಜಿನ ಮೇಲೆ ಹರಡಿದಳು. ಝಕಾರ್ ಬಾಗಿಲಿಗೆ ಒರಗಿ ನಿಂತ.

"ಪೆಟ್ಟಿಗೆ ತೆಗೆದು ಅಂಚೆ ಮಾಡಿದ್ಮೇಲೆ, ನೀವು ಸರ್ಕಾರದ ಕೈಯಾಗಿ ಕೆಲಸ ಮಾಡಿದ್ರಿ ಅಂತ ವಾದ ಮಾಡ್ತೀವಿ" ಅಂದಳು. "ನಿಮ್ಮ ನಿರ್ಲಕ್ಷ್ಯ ಅಂದ್ರೆ ಸರ್ಕಾರದ ನಿರ್ಲಕ್ಷ್ಯ. ಒಳ್ಳೇ ವಾದ. ಗೆಲ್ಲಬಹುದು. ಇಲ್ಲಿ ಸಹಿ ಹಾಕಿ."

ಓದಿದೆ. ಅಗ್ರಫೀನಾ ಎವಾನ್ ಎಂಬ ನಾನು ಈ ಕೆಲಸಕ್ಕೆ ತಕ್ಕ ತರಬೇತಿ ಪಡೆದವಳಲ್ಲ. ತಾರೀಕಿನ ಮಹತ್ವ ನನಗೆ ತಿಳಿದಿರಲಿಲ್ಲ. ನಾನು ನಿರ್ಲಕ್ಷ್ಯದಿಂದ ನಡೆದುಕೊಂಡೆ. ಅದು ನಾನಾ? ನಾನು ಹದಿನೆಂಟು ವರ್ಷ ಹಿಮದಲ್ಲಿ ಮೂಟೆ ಎಳೆದವಳು. ಒಂದು ಕಾಗದ ಕಳೆದವಳಲ್ಲ. ಭುಜ ಕಳೆದುಕೊಂಡೆ, ಕಾಗದ ಕಳೆಯಲಿಲ್ಲ.

"ಇದಕ್ಕೆ ನಾನು ಸಹಿ ಹಾಕಲ್ಲ."

"ಯಾವ ಸಾಲು ಬದಲಾಯಿಸ್ಬೇಕು ಹೇಳಿ."

"ಎಲ್ಲ ಸಾಲೂ. ನಾನು ಮರೀಲಿಲ್ಲ. ಕೋರ್ಟಲ್ಲಿ ಮರೆತೆ ಅಂದದ್ದು ಸುಳ್ಳು. ಅದನ್ನ ಬರ್ಕೊಳ್ಳಿ."

ವಿಂಟನ್ ಕಣ್ಣು ಮುಚ್ಚಿ ತೆರೆದಳು. "ಫೀನಾ, ನೀವು ಹೀಗೆ ಬಾಯಿಬಿಟ್ಟು ಹೇಳಿದ್ಮೇಲೆ ನಾನು ಕೇಳಿಸಿಕೊಂಡಿಲ್ಲ ಅನ್ನೋ ಹಾಗಿಲ್ಲ. ಹಳೇ ಹೇಳಿಕೆ ಇಟ್ಕೊಂಡು ಅಪೀಲು ನಡೆಸೋ ಹಾಗಿಲ್ಲ. ಎಲ್ಲ ಬಿದ್ದುಹೋಗುತ್ತೆ. ಯೋಚನೆ ಮಾಡಿ."

"ಮೂರು ತಿಂಗಳಿಂದ ಅದೇ ಮಾಡ್ತಿದೀನಿ."

"ಸುಳ್ಳು ಸಾಕ್ಷಿ ಅಂತ ನಿಮ್ಮ ಮೇಲೇ ಕೇಸು ಬರಬಹುದು."

"ಬರಲಿ. ವಿಮಾನ ಸಿಕ್ರೆ ಬರಲಿ."

ಝಕಾರ್ ಬಾಗಿಲು ಬಿಟ್ಟು ಮುಂದೆ ಬಂದ. "ಮೂವತ್ತು ಜನರ ಓಟು ಫೀನಾ. ನಿನ್ನೊಬ್ಬಳ ರೋಷಕ್ಕೆ?"

"ನಿನ್ನ ಅಮ್ಮನ್ನ ಸೇರಿಸಿ ಮೂವತ್ತೊಂದು" ಅಂದೆ. ನನ್ನ ದನಿ ಏರಿತ್ತು. "ಇವರು ಕೇಳಲಿ, ನೀನೂ ಕೇಳು. ಕೆಲವು ವರ್ಷದ ಹಿಂದೆ ಒಬ್ಬ ಮಾಜಿ ಅಧ್ಯಕ್ಷ ತೀರ್ಕೊಂಡಾಗ ನನಗೆ ಸುತ್ತೋಲೆ ಬಂತು. ಒಂದು ದಿನ ಬಾಗಿಲು ಹಾಕಿ, ಬಾವುಟ ಇಳಿಸಿ, ಕಾಗದ ಹಂಚ್ಬೇಡಿ, ಶೋಕ. ಇಡೀ ದೇಶದ ಪೋಸ್ಟ್ ಆಫೀಸು ಮುಚ್ಚಿದ್ರು. ಅವತ್ತು ಎಷ್ಟು ಕೋಟಿ ಕಾಗದ ನಿಂತಿತ್ತು? ಯಾರಾದ್ರೂ ಅದನ್ನ ಮರೆವು ಅಂದ್ರಾ? ನಿರ್ಲಕ್ಷ್ಯ ಅಂದ್ರಾ? ಯಾವ ಪೋಸ್ಟ್ ಮಾಸ್ಟರ್ ಕೈಲಿ ತಪ್ಪಾಯ್ತು ಅನ್ನಿಸಿದ್ರು? ನಾನು ಬಾಗಿಲು ಹಾಕಲಿಲ್ಲ. ಕಾಗದ ನಿಲ್ಲಿಸಲಿಲ್ಲ. ಒಂದು ಸದ್ದು ಮಾಡಲಿಲ್ಲ, ಅಷ್ಟೇ. ಅವರ ಶೋಕಕ್ಕೆ ಸುತ್ತೋಲೆ. ನಮ್ಮ ಶೋಕಕ್ಕೆ ಕ್ಷಮಾಪಣೆ. ನಾನು ಒಂದು ಸಲ ಕೊಟ್ಟೆ. ಇನ್ನೊಂದು ಸಲ ಕೊಡಲ್ಲ."

ನಾನು ಒಂದು ಬಿಳಿ ಹಾಳೆ ತೆಗೆದು, ನಡೆದದ್ದನ್ನು ನ್ಯಾಯಾಲಯದ ಹೆಸರಿಗೆ ನನ್ನ ಕೈಬರಹದಲ್ಲೇ ಬರೆದೆ. ಸತ್ತವಳ ಹೆಸರು ಬರೆದೆ. ಗೋಡೆ ಎಷ್ಟು ತೆಳು ಅಂತ ಬರೆದೆ. ಮರೆತೆ ಅಂದದ್ದು ಸುಳ್ಳು ಅಂತ ಬರೆದು ಸಹಿ ಹಾಕಿದೆ. ವಿಂಟನ್ ಅದನ್ನು ಎರಡು ಸಲ ಓದಿದಳು.

"ಇದು ನಿಜ ಅಂತ ನನಗೆ ಗೊತ್ತು" ಅಂದಳು. "ಇದರಿಂದ ಏನೂ ಆಗಲ್ಲ."

ಅವಳನ್ನು ವಿಮಾನಕ್ಕೆ ಬಿಟ್ಟು ಬಂದವಳೂ ನಾನೇ. ಬೇರೆ ಬಂಡಿ ಇರಲಿಲ್ಲ.

ಅಪೀಲು ಬಿದ್ದುಹೋಯಿತು. ಹಡಗಿನ ಮನುಷ್ಯ ಪ್ರಮಾಣವಚನ ತೆಗೆದುಕೊಂಡ. ನನ್ನ ಮೇಲೆ ಕೇಸು ಬರಲಿಲ್ಲ. ಅಷ್ಟು ಬೆಲೆಯೂ ನನಗೆ ಕೊಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ, ಬದಲಿಗೆ ಯಾರೂ ಸಿಗಲಿಲ್ಲವಲ್ಲ. ಝಕಾರ್ ತನ್ನ ಕಾಗದ ತರಲು ಹೆಂಡತಿಯನ್ನು ಕಳಿಸತೊಡಗಿದ.

ಜೂನಿನ ಮೊದಲ ವಾರ ಮೂಟೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಪೋಸ್ಟ್ ಆಫೀಸಿನ ಹಲಗೆಗೆ ಅಂಟಿಸಬೇಕಾದ ಸರ್ಕಾರಿ ಪ್ರಕಟಣೆ. ಈ ಬೇಸಿಗೆಯೂ ನದಿಗೆ ಸಾಲ್ಮನ್ ಬಲೆ ಹಾಕುವಂತಿಲ್ಲ. ನಾಲ್ಕು ಮೂಲೆಗೂ ಪಿನ್ನು ಚುಚ್ಚಿದೆ. ನದಿಯ ಹಿಮ ಒಡೆದು ಹೋಗಿ ಆಗಲೇ ಹತ್ತು ದಿನವಾಗಿತ್ತು. ದಡದಲ್ಲಿ ದೋಣಿಗಳು ಮಗುಚಿ ಬಿದ್ದಿದ್ದವು.

ಲುಕೇರಿಯಾ ಬಂದಳು. ಬಹಳ ಹೊತ್ತು ಹಲಗೆಯ ಮುಂದೆ ನಿಂತು ಓದಿದಳು. ಎರಡು ಸಾಲಿನ ವಿಷಯ, ಅಷ್ಟು ಹೊತ್ತು ಓದುವಂಥದ್ದೇನೂ ಇರಲಿಲ್ಲ. ಆಮೇಲೆ ಕಿಟಕಿಗೆ ಬಂದಳು. ಅವಳ ಡಬ್ಬಿಯಲ್ಲಿದ್ದ ಒಂದು ಕ್ಯಾಟಲಾಗು ತೆಗೆದುಕೊಟ್ಟೆ. ಅವಳು ಅದನ್ನು ಕಂಕುಳಿಗೆ ಇರುಕಿದಳು, ಹೋಗಲಿಲ್ಲ.

"ಐದನೇ ಬೇಸಿಗೆ" ಅಂದಳು.

"ಹೌದು."

"ನೀನು ಆ ಕಾಗದಕ್ಕೆ ಸಹಿ ಹಾಕಿದ್ರೆ ಗೆಲ್ತಿದ್ವೋ ಏನೋ."

"ಗೆಲ್ತಿದ್ರೇನೋ."

ಅವಳು ಗೋಡೆಯ ಕಡೆ ನೋಡಿದಳು. ಆಚೆ ಅವಳ ಅಮ್ಮನ ಮನೆ ಏಳು ತಿಂಗಳಿಂದ ಬೀಗ ಹಾಕಿತ್ತು.

"ಅಮ್ಮ ಇದ್ದಿದ್ರೆ ನಿನ್ನ ಕೆನ್ನೆಗೆ ಬಾರಿಸ್ತಿದ್ಳು."

ನಾನು ಕಾದಿದ್ದು ಇದಕ್ಕೇ ಇರಬೇಕು. ಮೇಜು ಹಿಡಿದುಕೊಂಡೆ.

"ಯಾವುದಕ್ಕೆ? ಠಸ್ಸೆ ಹೊಡೀದೇ ಇದ್ದದ್ದಕ್ಕಾ, ಸಹಿ ಹಾಕದೇ ಇದ್ದದ್ದಕ್ಕಾ?"

ಲುಕೇರಿಯಾ ಕ್ಯಾಟಲಾಗನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದಳು.

"ಮರೆತೆ ಅಂದದ್ದಕ್ಕೆ" ಅಂದಳು. "ಮೊದಲು ನಿನಗೆ. ಆಮೇಲೆ, ಅನ್ನು ಅಂತ ಹೇಳಿದ ನನಗೆ."

ಹೇಳಿ, ಬಾಗಿಲು ಎಳೆದುಕೊಂಡು ಹೋದಳು. ಸಂಜೆಯವರೆಗೂ ಬೇರೆ ಯಾರೂ ಬರಲಿಲ್ಲ.